ಗಣಿ ಕಾರ್ಮಿಕರ ಸುರಕ್ಷತೆ ಮತ್ತು ಗಣಿ ಉದ್ಯಮದ ಸಾಮಾಜಿಕ ಹೊಣೆ

ಗಣಿ ಸುರಕ್ಷತೆ ಎಂದರೆ ನೆಲದಾಳದ ಅಥವಾ ತೆರೆದ ಗಣಿಗಳಲ್ಲಿ ದುಡಿಯುವವರ ಜೀವಕ್ಕೂ ಆರೋಗ್ಯಕ್ಕೂ ಕೆಲಸದಿಂದಲೇ ಒದಗುವ ಹಾನಿಯನ್ನು ತಡೆಯಲು ರೂಪುಗೊಂಡ ತಾಂತ್ರಿಕ ಕ್ರಮ, ಕಾನೂನು, ತಪಾಸಣೆ ಮತ್ತು ತರಬೇತಿಗಳ ಒಟ್ಟು ವ್ಯವಸ್ಥೆ. ಸಾಮಾಜಿಕ ಹೊಣೆ ಎಂಬುದು ಇದಕ್ಕಿಂತ ವಿಶಾಲವಾದ ಪರಿಕಲ್ಪನೆ. ಕಾರ್ಮಿಕರ ವಸತಿ, ವೈದ್ಯಕೀಯ ನೆರವು ಮತ್ತು ಪರಿಹಾರ, ಗಣಿಯ ಸುತ್ತಲಿನ ಊರುಗಳ ನೀರು, ಗಾಳಿ ಮತ್ತು ಜೀವನೋಪಾಯ, ಗಣಿ ಮುಚ್ಚಿದ ಮೇಲೆ ಉಳಿಯುವ ಜನ ಮತ್ತು ನೆಲ, ಇಷ್ಟೂ ಅದರಲ್ಲಿ ಸೇರುತ್ತವೆ. ಭಾರತದ ಕಾನೂನಿನಲ್ಲಿ ‘ಗಣಿ’ ಎಂಬ ಮಾತಿಗೆ ಖನಿಜ ತೆಗೆಯಲು ಅಗೆದ ಯಾವುದೇ ಜಾಗ ಎಂಬ ಅರ್ಥವಿದೆ. ಹೀಗಾಗಿ ಮೂರು ಕಿಲೋಮೀಟರ್ ಆಳದ ಚಿನ್ನದ ಗಣಿಗೂ ಊರಾಚೆಯ ಕಲ್ಲುಕ್ವಾರಿಗೂ ಅನ್ವಯಿಸುವುದು ಮೂಲತಃ ಒಂದೇ ಕಾನೂನು. ಈ ಲೇಖನದಲ್ಲಿ ಕರ್ನಾಟಕದ ಗಣಿಗಳನ್ನು, ಅದರಲ್ಲೂ ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್ ಅನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಳ್ಳಲಾಗಿದೆ.

ಹಿನ್ನೆಲೆ

ಬಂಡೆ ಕೊರೆಯುವ ವಿದ್ಯೆ ದಖನ್ನಿನಲ್ಲಿ ಬಹಳ ಹಳೆಯದು. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಗಣಿಕುಳಿಗಳು ಸಿಕ್ಕಿವೆ. ಅವುಗಳಲ್ಲಿ ಕೆಲವು ಇನ್ನೂರು ಮೀಟರಿನಷ್ಟು ಆಳಕ್ಕೆ ಇಳಿದಿದ್ದವು. ಬಂಡೆಗೆ ಬೆಂಕಿಯೊಡ್ಡಿ ಕಾಯಿಸಿ, ನೀರು ಹಾಕಿ ಬಿರುಕು ಬಿಡಿಸಿ ಅದಿರು ಕೀಳುವುದು ಆ ಕಾಲದ ವಿಧಾನ. ಎಲ್ಲೋರದಲ್ಲಿ ರಾಷ್ಟ್ರಕೂಟರ ಕಾಲದ ಕೈಲಾಸ ದೇವಾಲಯವನ್ನು ಇಡಿಯ ಬೆಟ್ಟದಿಂದಲೇ ಕಡಿದು ತೆಗೆಯಲಾಗಿದೆ. ಅಲ್ಲಿಗೆ ಸಮೀಪದ ದೇವಗಿರಿಯಲ್ಲಿ, ಅಂದರೆ ಇಂದಿನ ದೌಲತಾಬಾದಿನಲ್ಲಿ, ಕೋಟೆಗುಡ್ಡದ ಕಪ್ಪುಬಂಡೆಯನ್ನು ಸುತ್ತಲೂ ನೇರ ಗೋಡೆಯಂತೆ ಕಡಿದು, ಬಂಡೆಯೊಳಗೇ ಕತ್ತಲ ಸುರಂಗದಾರಿ ಕೊರೆದಿದ್ದಾರೆ. ಮಾಡಿಸಿದ ಅರಸರ ಹೆಸರು ಚರಿತ್ರೆಯಲ್ಲಿ ಉಳಿದಿದೆ, ಉಳಿ ಹಿಡಿದವರಲ್ಲಿ ಸತ್ತವರ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ಅಪಘಾತವನ್ನು ದಾಖಲಿಸಿ ಅದಕ್ಕೆ ಕಾರಣ ಹುಡುಕುವ ಪದ್ಧತಿ ಬಂದದ್ದು ಕೈಗಾರಿಕಾ ಯುಗದಲ್ಲಿ.

ಕೋಲಾರದ ನೆಲದಲ್ಲಿ ಚಿನ್ನವಿರುವುದನ್ನು 1802ರಲ್ಲಿ ಸೇನಾಧಿಕಾರಿ ಜಾನ್ ವಾರನ್ ವರದಿ ಮಾಡಿದ. 1870ರ ದಶಕದಲ್ಲಿ ಮೈಕೇಲ್ ಲವೆಲ್ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು ಅಗೆತ ಆರಂಭಿಸಿದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ ಕಾಲಿಟ್ಟ ಮೇಲೆ ಮೈಸೂರು ಮೈನ್, ಚಾಂಪಿಯನ್ ರೀಫ್, ಉರಿಗಾಂ ಮತ್ತು ನಂದಿದುರ್ಗ ಗಣಿಗಳು ಒಂದರ ಪಕ್ಕ ಒಂದು ಬೆಳೆದವು. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಈ ಗಣಿಗಳಿಗೆ, ಬೆಂಗಳೂರಿಗೆ ಬೆಳಕು ಬಂದದ್ದು ಅದರ ನಂತರ. ಉಚ್ಛ್ರಾಯದ ದಿನಗಳಲ್ಲಿ ಮೂವತ್ತು ಸಾವಿರದಷ್ಟು ಮಂದಿ ಇಲ್ಲಿ ದುಡಿಯುತ್ತಿದ್ದರು. ನೆಲದಾಳದ ಕೆಲಸಗಾರರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್ ಕಡೆಯಿಂದ ಬಂದ ತಮಿಳು ದಲಿತರು. ಚಿತ್ತೂರು ಭಾಗದ ತೆಲುಗರೂ ಸುತ್ತಲಿನ ಹಳ್ಳಿಗಳ ಕನ್ನಡಿಗರೂ ಇದ್ದರು. ಮೇಲಧಿಕಾರ ಬ್ರಿಟಿಷರ ಕೈಯಲ್ಲಿತ್ತು.

ಬ್ರಿಟಿಷ್ ಭಾರತಕ್ಕೆ ಗಣಿ ಕಾಯ್ದೆ ಬಂದದ್ದು 1901ರಲ್ಲಿ. ಅದನ್ನು ಜಾರಿಗೆ ತರಲು 1902ರ ಜನವರಿ 7ರಂದು ಕಲ್ಕತ್ತೆಯಲ್ಲಿ ಗಣಿ ತಪಾಸಣಾ ಕಚೇರಿ ತೆರೆಯಿತು. ಇಂದು ಧನಬಾದಿನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಅದೇ ಮೂಲ. ಮೈಸೂರು ದೇಶೀಯ ಸಂಸ್ಥಾನವಾದ್ದರಿಂದ ಆ ಕಾಯ್ದೆ ಕೋಲಾರಕ್ಕೆ ಅನ್ವಯಿಸುತ್ತಿರಲಿಲ್ಲ. ಸಂಸ್ಥಾನ ತನ್ನದೇ ಗಣಿ ಕಾನೂನು ಮಾಡಿಕೊಂಡು, 1894ರಲ್ಲಿ ಸ್ಥಾಪಿಸಿದ ಭೂವಿಜ್ಞಾನ ಇಲಾಖೆಯ ಮೂಲಕ ತಪಾಸಣೆ ನಡೆಸಿತು. ಗಣಿಯ ಆದಾಯದಲ್ಲಿ ರಾಜಧನ ಪಡೆಯುವವರೂ ಗಣಿಯ ತಪ್ಪು ಹಿಡಿಯಬೇಕಾದವರೂ ಒಬ್ಬರೇ ಆಗಿರುವ ಈ ತೊಡಕು ಮುಂದೆಯೂ ಬೇರೆ ಬೇರೆ ರೂಪಗಳಲ್ಲಿ ಉಳಿದುಕೊಂಡಿತು.

ಅಪಾಯಗಳ ಬಗೆಗಳು

ಗಣಿಯ ಅಪಾಯಗಳಲ್ಲಿ ಎರಡು ತೆರ. ಕುಸಿತ, ಸ್ಫೋಟ, ಜಲಪ್ರವೇಶ, ಕಾರ್ಮಿಕರನ್ನು ಇಳಿಸುವ ತೊಟ್ಟಿಲು ಕಳಚುವುದು, ವಾಹನದಡಿ ಸಿಲುಕುವುದು ಮೊದಲಾದವು ಕ್ಷಣದಲ್ಲಿ ಕೊಲ್ಲುತ್ತವೆ. ಧೂಳು, ಶಾಖ, ಸದ್ದು ಮತ್ತು ಕಂಪನ ವರ್ಷಗಟ್ಟಲೆ ದೇಹ ಸವೆಸುತ್ತವೆ. ಮೊದಲನೆಯವು ಪತ್ರಿಕೆಗಳಲ್ಲಿ ಸುದ್ದಿಯಾಗುತ್ತವೆ. ಎರಡನೆಯವು ಆಸ್ಪತ್ರೆಯ ದಾಖಲೆಯಲ್ಲಿ, ಅದೂ ಕೆಲವೊಮ್ಮೆ ಬೇರೆ ಕಾಯಿಲೆಯ ಹೆಸರಿನಲ್ಲಿ, ನಮೂದಾಗುತ್ತವೆ.

ಬಂಡೆ ಸಿಡಿತ: ಕೋಲಾರದ ಗಣಿಗಳು ಜಗತ್ತಿನ ತಾಂತ್ರಿಕ ಸಾಹಿತ್ಯದಲ್ಲಿ ಹೆಸರಾದದ್ದು ಚಿನ್ನದಷ್ಟೇ ಬಂಡೆ ಸಿಡಿತದಿಂದಲೂ. ಕೆಜಿಎಫ್ ಕಾರ್ಮಿಕರು ಇದನ್ನು ‘ಏರ್ ಬ್ಲಾಸ್ಟ್’ ಎಂದು ಕರೆಯುತ್ತಿದ್ದರು. ಆಳದಲ್ಲಿರುವ ಬಂಡೆಯ ಮೇಲೆ ಮೇಲಿನ ನೆಲದ ಭಾರವಷ್ಟೂ ಇರುತ್ತದೆ. ಅದಿರು ತೆಗೆದು ಟೊಳ್ಳು ಮಾಡಿದಾಗ ಆ ಭಾರ ಸುತ್ತ ಉಳಿದ ಬಂಡೆಗೆ ವರ್ಗವಾಗುತ್ತದೆ. ಮಣ್ಣು ಅಥವಾ ಮೆದುಗಲ್ಲಾದರೆ ಮೆಲ್ಲನೆ ಬಾಗಿ ಒತ್ತಡ ಕಳೆದುಕೊಳ್ಳುತ್ತದೆ. ಬೆಣಚುಕಲ್ಲು ಗಟ್ಟಿ, ಆದರೆ ಪೆಡಸು. ಒತ್ತಡವನ್ನು ತನ್ನೊಳಗೇ ಹಿಡಿದಿಟ್ಟುಕೊಂಡು, ತಾಳುವ ಮಿತಿ ಮೀರಿದ ಕ್ಷಣ ಮದ್ದಿಟ್ಟಂತೆ ಸಿಡಿಯುತ್ತದೆ. ಅದಿರು ತೆಗೆಯುವಾಗ ಅಲ್ಲಲ್ಲಿ ಆಧಾರಕ್ಕೆಂದು ಬಿಟ್ಟ ಕಂಬಗಳೇ ಒತ್ತಡ ಶೇಖರವಾಗುವ ತಾಣಗಳಾಗುತ್ತಿದ್ದವು. ದೊಡ್ಡ ಸಿಡಿತವಾದಾಗ ನೆಲದ ಮೇಲಿನ ಮನೆಗಳೂ ಅದುರುತ್ತಿದ್ದವು.

ಪರಿಹಾರ ಒಂದೇ ಸಲಕ್ಕೆ ದೊರಕಲಿಲ್ಲ. ಆರಂಭದ ಮರದ ಊರೆಗಳ ಜಾಗಕ್ಕೆ ಗ್ರಾನೈಟ್ ಕಲ್ಲಿನ ಕಟ್ಟಡದ ಆಧಾರಗಳು ಬಂದವು. ಅವೂ ಸಾಲದಾದಾಗ ಟೊಳ್ಳುಗಳಿಗೆ ಕಾಂಕ್ರೀಟು ತುಂಬುವ ಪದ್ಧತಿ ಬಂತು. ಕಂಬ ಬಿಡದೆ, ಒತ್ತಡ ಒಂದೆಡೆ ಸೇರದಂತೆ, ಯಾವ ಭಾಗವನ್ನು ಮೊದಲು ತೆಗೆಯಬೇಕೆಂಬ ಕ್ರಮವನ್ನೇ ಬದಲಿಸಲಾಯಿತು. 1950ರ ದಶಕದಲ್ಲಿ ಬಂಡೆ ಸಿಡಿತದ ಅಧ್ಯಯನ ವ್ಯವಸ್ಥಿತವಾಗಿ ಆರಂಭವಾಯಿತು. 1970ರ ದಶಕದ ಕೊನೆಗೆ ಭಾಭಾ ಅಣುಸಂಶೋಧನಾ ಕೇಂದ್ರದ ಸಹಯೋಗದಲ್ಲಿ ಭೂಕಂಪಮಾಪಕಗಳ ಜಾಲವನ್ನು ಅಳವಡಿಸಲಾಯಿತು. ನೆಲದಾಳದ ಸಣ್ಣ ಕಂಪನ ಎಲ್ಲಿ ಹುಟ್ಟಿತೆಂದು ಗುರುತಿಸಿ, ಅಪಾಯದ ಜಾಗದಿಂದ ಜನರನ್ನು ಹೊರತರುವುದು ಅದರ ಉದ್ದೇಶವಾಗಿತ್ತು. ಈ ಅನುಭವದ ಬುನಾದಿಯ ಮೇಲೆ 1988ರಲ್ಲಿ ಕೆಜಿಎಫ್‌ನಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಸ್ಥಾಪನೆಯಾಯಿತು. ಅದು ಮುಂದೆ ದೇಶದ ಜಲವಿದ್ಯುತ್ ಮತ್ತು ಸುರಂಗ ಯೋಜನೆಗಳಿಗೆ ಸಲಹೆ ನೀಡುವ ಸಂಸ್ಥೆಯಾಗಿ ಬೆಳೆಯಿತು.

ಶಾಖ: ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದು, ತನ್ನ ಕಾಲದಲ್ಲಿ ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತ್ತು. ಅಷ್ಟು ಕೆಳಗೆ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಮೈಯ ಬೆವರು ಆರದಷ್ಟು ತೇವ ಗಾಳಿಯಲ್ಲಿದ್ದರೆ ಕಡಿಮೆ ಶಾಖವೂ ಪ್ರಾಣಾಂತಿಕ. ಅದರಿಂದಾಗಿ ಆಳದ ಗಣಿಯಲ್ಲಿ ಗಾಳಿಯ ಬಿಸಿಯ ಜೊತೆಗೆ ಅದರ ತೇವವನ್ನೂ ಅಳೆಯುತ್ತಾರೆ. ಕೋಲಾರದಲ್ಲಿ ನೆಲದ ಮೇಲೆ ದೊಡ್ಡ ಶೀತಲೀಕರಣ ಘಟಕಗಳನ್ನಿಟ್ಟು, ತಂಪುಗಾಳಿಯನ್ನು ಗಣಿಗಿಳಿಯುವ ಬಾವಿಗಳಾದ ಶಾಫ್ಟುಗಳ ಮೂಲಕ ಕೆಳಕ್ಕೆ ತಳ್ಳುತ್ತಿದ್ದರು. ಇದೇ ಆಳ ವಿಜ್ಞಾನಕ್ಕೆ ಬೇರೊಂದು ರೀತಿಯಲ್ಲಿ ಒದಗಿತು. 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ಈ ಗಣಿಯೊಳಗಿನ ಪ್ರಯೋಗದಲ್ಲಿ ಸಿಕ್ಕಿತು.

ಧೂಳು ಮತ್ತು ಸಿಲಿಕೋಸಿಸ್: ಬೆಣಚುಕಲ್ಲನ್ನು ಕೊರೆದಾಗ ಏಳುವ ಸಿಲಿಕಾ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳಿಗಿಂತ ಕಾಣದವೇ ಹೆಚ್ಚು ಹಾನಿಕರ. ಸುಮಾರು 5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಗಾಳಿಗೂಡುಗಳ ತನಕ ಇಳಿಯುತ್ತವೆ. ದೇಹದ ರಕ್ಷಕ ಕೋಶಗಳು ಅವನ್ನು ನುಂಗಿ ಸಾಯುತ್ತವೆ, ಆ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಉಸಿರು ಕಟ್ಟುತ್ತ ಹೋಗುವ ಈ ಸ್ಥಿತಿಯೇ ಸಿಲಿಕೋಸಿಸ್. ಒಮ್ಮೆ ಆದ ಹಾನಿ ವಾಸಿಯಾಗುವುದಿಲ್ಲ, ಧೂಳಿನ ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವ ಹೆಚ್ಚು. ಎರಡರ ಲಕ್ಷಣಗಳೂ ಒಂದನ್ನೊಂದು ಹೋಲುವುದರಿಂದ ಗಣಿರೋಗ ಎಷ್ಟೋ ಸಲ ಬರಿಯ ಕ್ಷಯವೆಂದು ದಾಖಲಾಯಿತು. ಕ್ಷಯವೆಂದು ಬರೆದಲ್ಲಿ ಪರಿಹಾರದ ಪ್ರಶ್ನೆ ಏಳುವುದಿಲ್ಲ.

ಭಾರತದಲ್ಲಿ ಈ ರೋಗ ವೈದ್ಯಕೀಯವಾಗಿ ಮೊದಲು ಗಮನಕ್ಕೆ ಬಂದ ಸ್ಥಳಗಳಲ್ಲಿ ಕೆಜಿಎಫ್ ಪ್ರಮುಖವಾದದ್ದು. 1940ರಿಂದ 1946ರ ನಡುವೆ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಪರೀಕ್ಷೆ ನಡೆದಾಗ, ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ನೀರು ಚಿಮ್ಮಿಸುತ್ತ ಕೊರೆಯುವ ಒದ್ದೆ ಡ್ರಿಲ್ಲಿಂಗ್, ಮದ್ದು ಸಿಡಿದ ಮೇಲೆ ಹೊಗೆ ಮತ್ತು ಧೂಳು ಇಳಿಯುವ ತನಕ ಯಾರೂ ಒಳಹೋಗದಂತೆ ಪಾಳಿಗಳನ್ನು ಹೊಂದಿಸುವುದು, ಗಾಳಿಯಾಟ ಹೆಚ್ಚಿಸುವುದು ಮತ್ತು ನಿಯತ ಎಕ್ಸ್‌ರೇ ಪರೀಕ್ಷೆ ಇದಕ್ಕೆ ಕಂಡುಕೊಂಡ ಮುಖ್ಯ ಉಪಾಯಗಳು. ಮುಖಗವಸು ಕೊನೆಯ ಆಸರೆ ಮಾತ್ರ. ಶಾಖದ ಗಣಿಯಲ್ಲಿ ಅದನ್ನು ಪಾಳಿಯುದ್ದಕ್ಕೂ ಧರಿಸಿರುವುದು ಕಷ್ಟ. ಗಣಿ ಕಾರ್ಮಿಕರ ಆರೋಗ್ಯ ಸಂಶೋಧನೆಗಾಗಿಯೇ 1990ರಲ್ಲಿ ರೂಪುಗೊಂಡ ರಾಷ್ಟ್ರೀಯ ಗಣಿಕಾರ್ಮಿಕರ ಆರೋಗ್ಯ ಸಂಸ್ಥೆ 2019ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೊಂದಿಗೆ ವಿಲೀನವಾಯಿತು.

ತೆರೆದ ಗಣಿ ಮತ್ತು ಕ್ವಾರಿ: ಬಳ್ಳಾರಿ, ವಿಜಯನಗರ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ತೆರೆದ ಗಣಿಗಳಿಂದ ಬರುತ್ತದೆ. ಅಲ್ಲಿ ಅಪಾಯ ಮೆಟ್ಟಿಲುಗಳಂತೆ ಕಡಿದ ಗುಡ್ಡದ ಅಂಚಿನ ಕುಸಿತದಲ್ಲಿ, ಡಂಪರುಗಳ ಓಡಾಟದಲ್ಲಿ ಮತ್ತು ಮದ್ದು ಸಿಡಿಸಿದಾಗ ಹಾರುವ ಕಲ್ಲಿನಲ್ಲಿದೆ. ಕಲ್ಲುಕ್ವಾರಿಗಳ ಪರಿಸ್ಥಿತಿ ಇದಕ್ಕಿಂತಲೂ ಕಠಿಣ. ಕೆಲಸಗಾರರಲ್ಲಿ ಬಹುಪಾಲು ವಲಸಿಗರು. ಹಾಜರಿ ಪುಸ್ತಕವಿಲ್ಲದಿದ್ದರೆ ಸತ್ತವನು ಅಲ್ಲಿ ದುಡಿಯುತ್ತಿದ್ದನೆಂದು ಸಾಬೀತು ಮಾಡುವುದೇ ಮೊದಲ ತೊಡಕು. ಕ್ವಾರಿಗಳ ಮದ್ದಿನಲ್ಲೂ ಅಪಾಯವಿದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ್ದ ವಾಹನ ಸಿಡಿದು ಹಲವರು ಸತ್ತರು. ಸುತ್ತಲಿನ ಜಿಲ್ಲೆಗಳಲ್ಲೂ ಜನ ಭೂಕಂಪವೆಂದು ಮನೆಯಿಂದ ಹೊರಗೋಡಿದರು. ತಿಂಗಳು ತುಂಬಿದ ಬೆನ್ನಲ್ಲೇ, ಫೆಬ್ರುವರಿ 23ರಂದು, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಸತ್ತರು.

ಕಾನೂನು ಮತ್ತು ತಪಾಸಣೆ

ಸ್ವಾತಂತ್ರ್ಯಾನಂತರ ಇಡೀ ದೇಶಕ್ಕೆ ಒಂದೇ ಕಾನೂನು ದೊರೆತದ್ದು 1952ರ ಗಣಿ ಕಾಯ್ದೆಯಿಂದ. ಅದರಡಿ 1955ರ ಗಣಿ ನಿಯಮಗಳು ಮತ್ತು ಕಲ್ಲಿದ್ದಲೇತರ ಗಣಿಗಳಿಗಾಗಿ 1961ರ ಲೋಹ ಗಣಿ ವಿನಿಯಮಗಳು ಬಂದವು. ಹೊಣೆಯನ್ನು ಈ ಕಾಯ್ದೆ ಮಾಲೀಕ, ಏಜೆಂಟ್ ಮತ್ತು ಮ್ಯಾನೇಜರ್ ಎಂಬ ಮೂವರ ಮೇಲೆ ಹೊರಿಸಿತು. ಮ್ಯಾನೇಜರ್ ಅರ್ಹತಾ ಪ್ರಮಾಣಪತ್ರ ಪಡೆದವನಾಗಿರಬೇಕು. ಫೋರ್‌ಮನ್, ಮೈನಿಂಗ್ ಮೇಟ್ ಮತ್ತು ಮದ್ದು ಸಿಡಿಸುವ ಬ್ಲಾಸ್ಟರ್ ಕೂಡ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು.

ಈ ಕಾಯ್ದೆಯಡಿ ದುಡಿಮೆಯ ಅವಧಿ ವಾರಕ್ಕೆ 48 ಗಂಟೆ ಇತ್ತು. ನೆಲದ ಮೇಲೆ ದಿನಕ್ಕೆ 9, ನೆಲದಾಳದಲ್ಲಿ 8 ಗಂಟೆ ಮೀರುವಂತಿರಲಿಲ್ಲ. ಸಂಬಳ ಸಹಿತ ರಜೆ ನೆಲದಾಳದವರಿಗೆ 15 ದಿನದ ದುಡಿಮೆಗೊಂದು, ಮೇಲಿನವರಿಗೆ 20 ದಿನಕ್ಕೊಂದು ಸಿಗುತ್ತಿತ್ತು. ಹದಿನೆಂಟು ತುಂಬದವರನ್ನು ದುಡಿಸುವಂತಿರಲಿಲ್ಲ. ಅಪಾಯ ಸನ್ನಿಹಿತವೆಂದು ಕಂಡರೆ ಇನ್ಸ್‌ಪೆಕ್ಟರ್ ಆ ಭಾಗದ ಕೆಲಸವನ್ನು ನಿಲ್ಲಿಸಬಹುದಿತ್ತು. ನೂರಕ್ಕಿಂತ ಹೆಚ್ಚು ಜನರಿರುವ ಗಣಿಗೆ ಸುರಕ್ಷತಾ ಸಮಿತಿಯೂ ಐನೂರು ಜನರಿರುವಲ್ಲಿ ಕಾರ್ಮಿಕರ ಪರವಾಗಿ ತಪಾಸಣೆ ಮಾಡುವ ‘ವರ್ಕ್‌ಮೆನ್ಸ್ ಇನ್ಸ್‌ಪೆಕ್ಟರ್’ ಕೂಡ ಕಡ್ಡಾಯವಾಗಿತ್ತು. ಇದು ದೊಡ್ಡ ಗಣಿಗೆ ಹೊಂದುವ ಚೌಕಟ್ಟಾಗಿತ್ತು. ಹತ್ತಿಪ್ಪತ್ತು ಜನರ ಕ್ವಾರಿ ಈ ಸಂಖ್ಯೆಗಳ ಕೆಳಗೇ ನುಸುಳಿಹೋಗುತ್ತಿತ್ತು.

ಮಹಿಳೆಯರ ವಿಷಯದಲ್ಲಿ ಕಾನೂನು ಹಲವು ಸಲ ದಿಕ್ಕು ಬದಲಿಸಿದೆ. 1920ರ ದಶಕದ ಕೊನೆಯಿಂದ ಬ್ರಿಟಿಷ್ ಭಾರತದಲ್ಲಿ ನೆಲದಾಳದ ದುಡಿಮೆಯಿಂದ ಅವರನ್ನು ಹಂತಹಂತವಾಗಿ ಹೊರಗಿಡಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲು ಬೇಕಾದಾಗ 1943ರಲ್ಲಿ ನಿಷೇಧ ಸಡಿಲಿಸಿ, 1946ರಲ್ಲಿ ಮತ್ತೆ ಹೇರಿದರು. 1952ರ ಕಾಯ್ದೆಯೂ ಅದನ್ನು ಉಳಿಸಿಕೊಂಡಿತು. ತಾಂತ್ರಿಕ, ಮೇಲ್ವಿಚಾರಣಾ ಮತ್ತು ಆಡಳಿತ ಹುದ್ದೆಗಳಲ್ಲಿ ಹಗಲು ವೇಳೆ ಮಹಿಳೆಯರು ನೆಲದಾಳಕ್ಕೆ ಇಳಿಯಲು 2019ರ ಅಧಿಸೂಚನೆಯಿಂದ ಅವಕಾಶವಾಯಿತು.

ಗಣಿಗೆ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆ ಅನ್ವಯಿಸುತ್ತಿರಲಿಲ್ಲವಾದ್ದರಿಂದ ಗಾಯಾಳುವಿನ ಮತ್ತು ಮೃತರ ಕುಟುಂಬದ ಮುಖ್ಯ ಆಸರೆ 1923ರ ಕಾರ್ಮಿಕ ಪರಿಹಾರ ಕಾಯ್ದೆಯಾಗಿತ್ತು. ಸಿಲಿಕೋಸಿಸ್ ಅದರ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿತ್ತು. ಆದರೆ ರೋಗ ಹೊರಬೀಳುವ ಹೊತ್ತಿಗೆ ಕಾರ್ಮಿಕ ಗಣಿ ಬಿಟ್ಟು ವರ್ಷಗಳಾಗಿರುತ್ತವೆ. ಈ ತೊಡಕಿಗೆ ರಾಜಸ್ಥಾನ 2019ರಲ್ಲಿ ಬೇರೆ ದಾರಿ ಹಿಡಿಯಿತು. ಮಾಲೀಕನನ್ನು ಹುಡುಕುವ ಷರತ್ತಿಲ್ಲದೆ, ವೈದ್ಯಕೀಯ ಮಂಡಳಿ ರೋಗ ದೃಢೀಕರಿಸಿದರೆ 3 ಲಕ್ಷ ರೂಪಾಯಿ, ಮರಣಾನಂತರ ಕುಟುಂಬಕ್ಕೆ 2 ಲಕ್ಷ ರೂಪಾಯಿ ನೀಡುವ ನೀತಿ ಅಲ್ಲಿ ಜಾರಿಗೆ ಬಂತು.

2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆ ಗಣಿ ಕಾಯ್ದೆಯೂ ಸೇರಿದಂತೆ 13 ಕಾನೂನುಗಳನ್ನು ಒಂದುಗೂಡಿಸಿತು. ಉಳಿದ ಮೂರು ಕಾರ್ಮಿಕ ಸಂಹಿತೆಗಳ ಜೊತೆ ಅದು 2025ರ ನವೆಂಬರ್ 21ರಂದು ಜಾರಿಗೆ ಬಂತು. ಗಣಿಗಳಲ್ಲಿನ ಸುರಕ್ಷತೆ ಮತ್ತು ಆರೋಗ್ಯ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1995ರ 176ನೆಯ ಒಡಂಬಡಿಕೆಯನ್ನು ಭಾರತ ಸ್ಥಿರೀಕರಿಸಿಲ್ಲ.

ಕಾರ್ಮಿಕ ಸಂಘಟನೆ

ಸುರಕ್ಷತೆಯ ಇತಿಹಾಸವನ್ನು ಎಂಜಿನಿಯರುಗಳ ಕಡೆಯಿಂದ ಮಾತ್ರ ಬರೆದರೆ ಅದು ಅರೆಬರೆಯಾಗುತ್ತದೆ. 1930ರ ಏಪ್ರಿಲ್‌ನಲ್ಲಿ ಕೆಜಿಎಫ್ ಕಾರ್ಮಿಕರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಂಪನಿಗಳ ಹೊಸ ನಿಯಮದ ವಿರುದ್ಧ 21 ದಿನ ಮುಷ್ಕರ ಹೂಡಿದರು. ಬೆರಳಚ್ಚು ಕಳ್ಳರಿಂದ ಪಡೆಯುವಂಥದ್ದು ಎಂಬ ಅವಮಾನದ ಜೊತೆಗೆ, ಒಂದು ಗಣಿಯಿಂದ ಹೊರಬಿದ್ದವರಿಗೆ ಇನ್ನೊಂದರಲ್ಲೂ ಕೆಲಸ ಸಿಗದಂತಾಗುವ ಭಯವೂ ಅದರ ಹಿಂದಿತ್ತು. ಆಗ ಅಂಗೀಕೃತ ಕಾರ್ಮಿಕ ಸಂಘವೇ ಅಲ್ಲಿರಲಿಲ್ಲ. ಸಂಘ ಕಟ್ಟುವ ಹಕ್ಕಿಗೆ ಮೈಸೂರು ಸಂಸ್ಥಾನದಲ್ಲಿ ಕಾನೂನಿನ ಮನ್ನಣೆ ದೊರೆತದ್ದು 1940ರ ದಶಕದ ಆರಂಭದಲ್ಲಿ. 1946ರ ನವೆಂಬರ್ 4ರಂದು ಕೆಜಿಎಫ್‌ನಲ್ಲಿ ಪೊಲೀಸ್ ಗೋಲಿಬಾರಿಗೆ ಆರು ಮಂದಿ ಕಾರ್ಮಿಕರು ಸತ್ತರು.

ಸಾಮಾಜಿಕ ಹೊಣೆಯ ರೂಪಗಳು

ಗಣಿಪಟ್ಟಣ: ಹಳೆಯ ಮಾದರಿಯಲ್ಲಿ ಕಂಪನಿಯೇ ಊರು ಕಟ್ಟುತ್ತಿತ್ತು. ಕೆಜಿಎಫ್‌ನಲ್ಲಿ ಕಂಪನಿಯ ಆಸ್ಪತ್ರೆ, ಶಾಲೆಗಳು, ಬೇತಮಂಗಲದ ಕೆರೆಯಿಂದ ಬಂದ ನಲ್ಲಿನೀರು, ರಾಬರ್ಟ್‌ಸನ್‌ಪೇಟೆ ಮತ್ತು ಆಂಡರ್ಸನ್‌ಪೇಟೆಯ ಸಾಲುಬೀದಿಗಳು ಇದ್ದವು. ಅಧಿಕಾರಿಗಳಿಗೆ ತೋಟದ ಬಂಗಲೆ, ಕ್ಲಬ್ಬು ಮತ್ತು ಗಾಲ್ಫ್ ಮೈದಾನ. ಕಾರ್ಮಿಕರಿಗೆ ‘ಲೈನು’ಗಳೆಂದು ಕರೆಯುವ ಬಿದಿರುತಟ್ಟಿಯ ಒಂಟಿಕೋಣೆ ಗುಡಿಸಲುಗಳು. ‘ಪುಟ್ಟ ಇಂಗ್ಲೆಂಡ್’ ಎಂಬ ಪ್ರಸಿದ್ಧ ಅಡ್ಡಹೆಸರು ಊರಿನ ಒಂದು ಪಾಲಿಗಷ್ಟೇ ಹೊಂದುತ್ತಿತ್ತು. ಲೈನುಗಳಲ್ಲಿನ ಒಣ ಶೌಚಾಲಯಗಳು ಗಣಿ ಮುಚ್ಚಿದ ಮೇಲೂ ವರ್ಷಗಳ ಕಾಲ ಬಳಕೆಯಲ್ಲಿದ್ದು, ಮಲ ಹೊರುವ ಪದ್ಧತಿ ಇಲ್ಲಿ ಉಳಿದದ್ದು 2011ರ ಸುಮಾರಿಗೆ ಬೆಳಕಿಗೆ ಬಂತು.

ಸಂಡೂರು ತಾಲ್ಲೂಕಿನ ದೇವಗಿರಿಯೂ ಗಣಿಪಟ್ಟಣವೇ. ದೌಲತಾಬಾದಿನ ಹಳೆಯ ಹೆಸರಿನೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಇದನ್ನು ಬೆಳೆಸಿದ್ದು 1954ರಲ್ಲಿ ಸ್ಥಾಪನೆಯಾದ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ಕಂಪನಿ. ಸಮೀಪದ ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ನಗರವಿದೆ.

ಕಲ್ಯಾಣ ನಿಧಿ: ಕಬ್ಬಿಣ, ಮ್ಯಾಂಗನೀಸ್ ಮತ್ತು ಕ್ರೋಮ್ ಅದಿರಿನ ಮೇಲೆ ಸೆಸ್ ವಿಧಿಸಿ ಕಾರ್ಮಿಕರ ಆಸ್ಪತ್ರೆ, ಮನೆ ಮತ್ತು ವಿದ್ಯಾರ್ಥಿವೇತನಕ್ಕೆ ಬಳಸುವ ಕಾಯ್ದೆಗಳು 1976ರಲ್ಲಿ ಬಂದವು. ಹೊಸಪೇಟೆ ಬಳಿಯ ಕಾರಿಗನೂರಿನ ಆಸ್ಪತ್ರೆ ಗಣಿ ಕಾರ್ಮಿಕರ ಕಲ್ಯಾಣ ವ್ಯವಸ್ಥೆಗೆ ಸೇರಿದ್ದು. ತೆರಿಗೆ ಸುಧಾರಣೆಯ ಹಂತದಲ್ಲಿ ಈ ಸೆಸ್ ರದ್ದಾಯಿತು.

ಶಾಸನಬದ್ಧ ಹಂಚಿಕೆ: 2013ರ ಕಂಪನಿ ಕಾಯ್ದೆಯ 135ನೆಯ ಕಲಂ ಪ್ರಕಾರ, ನಿಗದಿತ ಮಿತಿ ಮೀರಿದ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು. ಇದು ಎಲ್ಲ ಉದ್ಯಮಗಳಿಗೂ ಸಲ್ಲುತ್ತದೆ. ಗಣಿಗೇ ವಿಶಿಷ್ಟವಾದದ್ದು ಜಿಲ್ಲಾ ಖನಿಜ ಪ್ರತಿಷ್ಠಾನ. ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯಿಂದ ಹುಟ್ಟಿದ ಈ ನಿಧಿಗೆ ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟು, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಹೆಚ್ಚುವರಿಯಾಗಿ ಕಟ್ಟುತ್ತಾರೆ. ಹಣ ಕುಡಿಯುವ ನೀರು, ಆರೋಗ್ಯ, ಶಿಕ್ಷಣ ಮುಂತಾದ ಆದ್ಯತೆಗಳಿಗೆ, ಗಣಿಬಾಧಿತ ಪ್ರದೇಶದಲ್ಲೇ ಬಳಕೆಯಾಗಬೇಕು. ಮೊದಲನೆಯದರಲ್ಲಿ ಎಲ್ಲಿ ಖರ್ಚು ಮಾಡಬೇಕೆಂಬ ಆಯ್ಕೆ ಬಹುಮಟ್ಟಿಗೆ ಕಂಪನಿಯದು, ಎರಡನೆಯದರಲ್ಲಿ ಸರ್ಕಾರದ್ದು. ಧೂಳು ಕುಡಿದ ಊರಿನ ಗ್ರಾಮಸಭೆಯ ಮಾತು ಎರಡರಲ್ಲೂ ಸಲಹೆಯ ಮಟ್ಟದಲ್ಲೇ ನಿಲ್ಲುವುದು ಸಾಮಾನ್ಯ.

ನ್ಯಾಯಾಲಯದ ಆದೇಶ: ಚೀನಾದ ಬೇಡಿಕೆಯಿಂದ 2000ದ ದಶಕದಲ್ಲಿ ಅದಿರಿನ ಬೆಲೆ ಏರಿದಾಗ ಬಳ್ಳಾರಿ ಸೀಮೆಯಲ್ಲಿ ಅಕ್ರಮ ಗಣಿಗಾರಿಕೆ ಹಬ್ಬಿತು. ಹೊಲಗಳು ಕೆಂಧೂಳು ಮೆತ್ತಿ ಬೆಳೆಗೆ ಬಾರದಾದವು. ಪುಡಿ ಅದಿರನ್ನು ಜರಡಿ ಹಿಡಿಯುವ, ಕಲ್ಲು ಒಡೆಯುವ ಕೂಲಿಗೆ ಮಹಿಳೆಯರೂ ಮಕ್ಕಳೂ ಇಳಿದರು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2008 ಮತ್ತು 2011ರಲ್ಲಿ ವರದಿ ಕೊಟ್ಟರು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ವಿಚಾರಣೆ ನಡೆಸಿದ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯಲ್ಲೂ ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ಗುತ್ತಿಗೆಗಳನ್ನು ಉಲ್ಲಂಘನೆಯ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದವನ್ನು ರದ್ದುಮಾಡಿತು. ಉಳಿದವು ಕೆಲಸ ಆರಂಭಿಸಬೇಕಾದರೆ ನೆಲದ ಪುನಶ್ಚೇತನ ಯೋಜನೆ ಒಪ್ಪಿಸಿ, ಸಡಿಲಮಣ್ಣಿನ ದಿಬ್ಬಗಳಿಗೆ ತಡೆಗೋಡೆ, ಮಳೆನೀರಿಗೆ ಚೆಕ್‌ಡ್ಯಾಮು ಕಟ್ಟಬೇಕಾಯಿತು. ಗುತ್ತಿಗೆದಾರರಿಂದ ವಸೂಲಾದ ಹಣದ ನಿರ್ವಹಣೆಗೆ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ರಚನೆಯಾಯಿತು. ವಾರ್ಷಿಕ ಉತ್ಪಾದನೆಗೂ ಮಿತಿ ಬಿತ್ತು. ಆರಂಭದಲ್ಲಿ ಮೂರು ಜಿಲ್ಲೆಗೆ ಒಟ್ಟು 3 ಕೋಟಿ ಟನ್ ಇದ್ದ ಈ ಮಿತಿ 2022ರಲ್ಲಿ 5 ಕೋಟಿ ಟನ್‌ಗೆ ಏರಿತು. ನಿಷೇಧದ ಅವಧಿಯಲ್ಲಿ ದಿನಗೂಲಿಗಳು ಮತ್ತು ಲಾರಿ ಚಾಲಕರು ಕೆಲಸ ಕಳೆದುಕೊಂಡರು. ಅಕ್ರಮಕ್ಕೆ ಹೊಣೆಗಾರರಲ್ಲದವರ ಮೇಲೆಯೂ ಬಿದ್ದ ಈ ಹೊರೆಗೆ ಪುನಶ್ಚೇತನ ಯೋಜನೆಗಳಲ್ಲಿ ಸಿಕ್ಕ ಜಾಗ ಕಡಿಮೆ.

ಗಣಿ ಮುಚ್ಚುಗಡೆ

ಕೋಲಾರದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ರಾಷ್ಟ್ರೀಕರಿಸಿತು. 1962ರಲ್ಲಿ ಅವು ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಸಾರ್ವಜನಿಕ ಕಂಪನಿ ರೂಪುಗೊಂಡಿತು. ಆಳ ಹೆಚ್ಚಿ ಅದಿರಿನಲ್ಲಿ ಚಿನ್ನದ ಅಂಶ ತಗ್ಗುತ್ತ ಬಂದು, ಖರ್ಚು ಆದಾಯವನ್ನು ಮೀರಿತು. 2001ರ ಫೆಬ್ರುವರಿ 28ರಂದು ಗಣಿ ನಿಂತಾಗ ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರಿದ್ದರು. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್.

ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ತುಂಬಿದ ನೀರಿನ ಒತ್ತಡ ಬಂಡೆಯ ಬಿರುಕುಗಳಿಗೆ ಇಳಿದು, ಗಣಿ ಮುಚ್ಚಿದ ನಂತರವೂ ಕಂಪನಗಳು ಮುಂದುವರಿದವು. ನೆಲದ ಮೇಲೆ ಉಳಿದದ್ದು ಸೈನೈಡ್ ದಿಬ್ಬಗಳು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಮಿಕ್ಕ ಪುಡಿಯ ರಾಶಿ ಇದು. ಬೇಸಿಗೆಯ ಗಾಳಿಗೆ ನುಣ್ಣನೆಯ ಸಿಲಿಕಾ ಧೂಳು ಎದ್ದು ಮನೆಗಳ ಮೇಲೆ ಬೀಳುತ್ತದೆ. ಗಣಿಗಿಳಿಯದ ಹೆಂಗಸರು ಮತ್ತು ಮಕ್ಕಳು ಗಣಿಧೂಳಿಗೆ ಒಡ್ಡಿಕೊಳ್ಳುವುದು ಹೀಗೆ. ದುಡಿಮೆಯ ಸ್ಥಳಕ್ಕೆ ಸೀಮಿತವಾದ ಸುರಕ್ಷತಾ ಕಾನೂನು ಇವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾರ್ಮಿಕರ ಮುಂದಿನ ತಲೆಮಾರು ಕೆಜಿಎಫ್‌ನ ಮಾರಿಕುಪ್ಪಂ ನಿಲ್ದಾಣದಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದಿನವೂ ಕೆಲಸಕ್ಕೆ ಹೋಗಿಬರತೊಡಗಿತು.

ಕುದುರೆಮುಖದ ಮುಚ್ಚುಗಡೆ ಬೇರೆ ಬಗೆಯದು. 1976ರಲ್ಲಿ ಸ್ಥಾಪನೆಯಾದ ಅಲ್ಲಿನ ಕಬ್ಬಿಣದ ಅದಿರು ಕಂಪನಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಲ್ಲಿಸಿತು. ಕಾರಣ ನಷ್ಟವಲ್ಲ, ರಾಷ್ಟ್ರೀಯ ಉದ್ಯಾನದ ಕಾಡು ಮತ್ತು ಭದ್ರಾ ನದಿ. ಕಂಪನಿ ಮಂಗಳೂರಿನ ಉಂಡೆ ಅದಿರು ಘಟಕದಲ್ಲಿ ಮುಂದುವರಿಯಿತು. ಗಣಿಯ ಹೂಳನ್ನು ಹಿಡಿದಿಟ್ಟಿರುವ ಲಕ್ಯಾ ಅಣೆಕಟ್ಟೆ ಈಗಲೂ ಕಾಡಿನ ನಡುವೆ ನಿಂತಿದೆ.

ಇಂದಿನ ಸ್ಥಿತಿ

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, 1947ರಲ್ಲಿ ಸ್ಥಾಪನೆಯಾದ ಕಂಪನಿಯಿಂದ ಬೆಳೆದ ಹಟ್ಟಿ ಚಿನ್ನದ ಗಣಿ ರಾಜ್ಯ ಸರ್ಕಾರದ ಒಡೆತನದಲ್ಲಿ ಕೆಲಸ ಮಾಡುತ್ತಿದ್ದು, ಇಂದು ಕರ್ನಾಟಕದಲ್ಲಿ ಆಳದ ಗಣಿ ಸುರಕ್ಷತೆಯ ಅನುಭವ ಉಳಿದಿರುವ ಮುಖ್ಯ ಸ್ಥಳ ಅದು. ದೊಡ್ಡ ಗಣಿಗಳಲ್ಲಿ ಯಂತ್ರಗಳು ಹೆಚ್ಚಿ, ಆಳದಲ್ಲಿ ನೇರವಾಗಿ ಬಂಡೆಯೆದುರು ನಿಲ್ಲುವವರ ಸಂಖ್ಯೆ ಇಳಿದಿದೆ. ಗುತ್ತಿಗೆ ಕಾರ್ಮಿಕರ ಪಾಲು ಏರಿದೆ. ಸಿಲಿಕೋಸಿಸ್ ಅನ್ನು 2030ರೊಳಗೆ ಇಲ್ಲವಾಗಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ 1995ರಲ್ಲಿ ಗುರಿ ಹಾಕಿಕೊಂಡಿದ್ದವು. ಗಣಿ, ಕ್ವಾರಿ ಮತ್ತು ಕಲ್ಲುಪುಡಿ ಘಟಕಗಳಿರುವ ಭಾರತದ ಜಿಲ್ಲೆಗಳಲ್ಲಿ ರೋಗ ಇನ್ನೂ ಹೊಸದಾಗಿ ಪತ್ತೆಯಾಗುತ್ತಿದೆ.

ಕೆಜಿಎಫ್‌ನ ಶಾಫ್ಟುಗಳು ಮುಚ್ಚಿಯೇ ಇವೆ. ಅಲ್ಲಿನ 13 ದಿಬ್ಬಗಳ ಪುಡಿಯಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆ ದಿಬ್ಬಗಳು ಹರಡಿರುವ ನೆಲ ಸಾವಿರ ಎಕರೆಗೂ ಹೆಚ್ಚು.